ಸೇರಿನ ತಳ ಮುಟ್ಟಿ ನೋಡು

ಮಗೂ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. "ದೊಡ್ಡಪ್ಪಾ, ಒಂದೇ ಸಾಲಿನ ಕಮ್ಯಾಂಡು. ಹೊಡೆದರೆ ಕೀ ಬಂದುಬಿಡುತ್ತೆ. ಇದರಲ್ಲಿ ಕಲಿಯೋಕೆ ಏನಿದೆ?" ಅಂದೆ. ಕೆಲಸಕ್ಕೆ ಸೇರಿ ಮೂರೇ ತಿಂಗಳು, ಆಗಲೇ ಸರ್ವರ್‌ಗಳಿಗೆ ಕೀ ಮತ್ತು ಸರ್ಟಿಫಿಕೇಟ್ ಮಾಡುವ ಜವಾಬ್ದಾರಿ ನಿನ್ನ ಕೈಗೆ ಬಂದಿದೆ. ಸಂತೋಷ. ಆದರೆ ಆ ಒಂದು ಸಾಲಿನಲ್ಲಿ ಎಡವಿ ಮೂಗು ಒಡೆದುಕೊಂಡವರಲ್ಲಿ ನಾನೂ ಒಬ್ಬ. ಅದಕ್ಕೇ ಈ ಕಾಗದ. ಕಮ್ಯಾಂಡಿನ ಪದಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್ ಮುಂದೆ ಕೂತಾಗ ಅವುಗಳ ಕಾಗುಣಿತ ನಿನಗೆ ತಾನಾಗಿ ಹೊಳೆಯುತ್ತದೆ.

ಮೊದಲು ನನ್ನ ಅಜ್ಜಿಯ ವಿಷಯ ಕೇಳು. ನಾನು ಚಿಕ್ಕವನಿದ್ದಾಗ ಕಿಲೋ, ಲೀಟರುಗಳು ಬಂದಿದ್ದವು. ಆದರೂ ನಮ್ಮೂರ ಸಂತೆಯಲ್ಲಿ ಸೇರು, ಪಾವುಗಳು ಹೋಗಿರಲಿಲ್ಲ. ಅಜ್ಜಿ ರಾಗಿಯ ದರ ಕೇಳುವ ಮೊದಲು ಮಾರುವವನ ಸೇರನ್ನು ಕೈಗೆ ತೆಗೆದುಕೊಂಡು, ಒಳಗೆ ಬೆರಳಾಡಿಸಿ, ತಳ ಮುಟ್ಟಿ ನೋಡುತ್ತಿದ್ದಳು. ತಳಕ್ಕೆ ಮೇಣ ಮೆತ್ತಿದ ಸೇರು, ಅಡಿಯಿಂದ ಒಳಕ್ಕೆ ತಟ್ಟಿ ಉಬ್ಬಿಸಿದ ಸೇರು ಅವಳು ಕಂಡಿದ್ದಳು. ಹೊರಗಿನಿಂದ ನೋಡಿದರೆ ಸೇರು ಸೇರೇ. ಮಾರುವವನು ಕಣ್ಣೆದುರೇ ತುಂಬಿ, ತಲೆ ಸವರಿ, ಧಾರಾಳವಾಗಿ ಸುರಿಯುತ್ತಿದ್ದ. ಅಳೆಯುವ ಕೈ ಚೊಕ್ಕ. ಮೋಸವೆಲ್ಲ ಪಾತ್ರೆಯ ತಳದಲ್ಲಿ.

ನೀನು ಬಳಸುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಆ ಪಾತ್ರೆಯನ್ನು ನೋಡಿಕೊಳ್ಳುವ ಉಪಕಮ್ಯಾಂಡಿನ ಹೆಸರು ಇಸಿಪ್ಯಾರಮ್. ಇಸಿ ಎಂದರೆ ಎಲಿಪ್ಟಿಕ್ ಕರ್ವ್, ಪ್ಯಾರಮ್ ಎಂದರೆ ಪ್ಯಾರಾಮೀಟರ್. ಎಲ್ಲರೂ ಇದನ್ನು ಕೀ ಮಾಡುವ ಕಮ್ಯಾಂಡ್ ಅಂದುಕೊಂಡಿದ್ದಾರೆ. ಕೀ ಮಾಡುವುದು ಅದರ ಪಕ್ಕದ ಕಸುಬು. ಅದರ ಮೂಲ ಕಸುಬು ಅಳತೆಯನ್ನು ಕೊಡುವುದು, ಅಳತೆಯನ್ನು ಪರೀಕ್ಷಿಸುವುದು.

ಕೀ ಬೇರೆ, ಪ್ಯಾರಾಮೀಟರ್ ಬೇರೆ. ಇದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಲಿ. 1985ರಲ್ಲಿ ನೀಲ್ ಕೋಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ ಎಂಬ ಇಬ್ಬರು ಗಣಿತಜ್ಞರು ಬೇರೆಬೇರೆಯಾಗಿಯೇ ಒಂದು ದಾರಿ ಕಂಡುಕೊಂಡರು: ಒಂದು ಬಗೆಯ ವಕ್ರರೇಖೆಯ ಮೇಲಿನ ಬಿಂದುಗಳನ್ನು ಕೂಡಿಸುವ ಲೆಕ್ಕದಿಂದ ಗೂಢಲಿಪಿ ಕಟ್ಟಬಹುದು. ಹೆಸರು ಎಲಿಪ್ಟಿಕ್ ಆದರೂ ಆ ರೇಖೆ ಮೊಟ್ಟೆಯಾಕಾರದ ದೀರ್ಘವೃತ್ತವಲ್ಲ. ದೀರ್ಘವೃತ್ತದ ಅಂಚಿನ ಉದ್ದ ಕಂಡುಹಿಡಿಯುವ ಹಳೆಯ ಲೆಕ್ಕಗಳಿಂದ ಆ ಹೆಸರು ಅಂಟಿಕೊಂಡಿದೆ, ಅಷ್ಟೇ. ಇಲ್ಲಿ ಪ್ಯಾರಾಮೀಟರ್ ಎಂದರೆ ಮುಖ್ಯವಾಗಿ ಆರು ವಿವರಗಳು. ಲೆಕ್ಕವೆಲ್ಲ ಯಾವ ಅವಿಭಾಜ್ಯ ಸಂಖ್ಯೆಯ ಒಳಗೆ ಸುತ್ತಬೇಕು ಎಂಬುದು ಒಂದು. ಸಮೀಕರಣದ ಎರಡು ಗುಣಾಂಕಗಳು. ಎಣಿಕೆ ಶುರುವಾಗುವ ಆಧಾರಬಿಂದು. ಆ ಬಿಂದುವನ್ನು ಅದಕ್ಕೇ ಕೂಡಿಸುತ್ತ ಹೋದರೆ ಎಷ್ಟನೇ ಸಲಕ್ಕೆ ಸೊನ್ನೆಯ ಬಿಂದುವಿಗೆ ಬಂದು ನಿಲ್ಲುತ್ತದೆ ಎಂಬ ಸಂಖ್ಯೆ. ಕೊನೆಗೆ ಕೋಫ್ಯಾಕ್ಟರ್ ಎಂಬ ಪುಟ್ಟ ಸಂಖ್ಯೆ. ನೀನು ಹೆಚ್ಚಾಗಿ ಬಳಸುವ ಕರ್ವ್‌ನಲ್ಲಿ ಅದು 1.

ಈ ಆರರಲ್ಲಿ ಒಂದೂ ಗುಟ್ಟಲ್ಲ. ಊರಿಗೆಲ್ಲ ಗೊತ್ತಿರಬೇಕಾದ ಅಳತೆ ಅದು. ಗುಟ್ಟು ಎಂದರೆ ನೀನು ಆರಿಸಿಕೊಳ್ಳುವ ಒಂದು ದೊಡ್ಡ ಸಂಖ್ಯೆ. ಆಧಾರಬಿಂದುವನ್ನು ಅಷ್ಟು ಸಲ ಕೂಡಿಸಿದರೆ ಸಿಗುವ ಬಿಂದು ನಿನ್ನ ಪಬ್ಲಿಕ್ ಕೀ. ಮುಂದಕ್ಕೆ ಹೋಗುವುದು ಕಣ್ಣು ಮಿಟುಕಿಸುವಷ್ಟು ಸುಲಭ. ಸಿಕ್ಕ ಬಿಂದುವಿನಿಂದ ಹಿಂದಕ್ಕೆ ನಡೆದು ಗುಟ್ಟಿನ ಸಂಖ್ಯೆ ಹೇಳು ಎಂದರೆ ಲೋಕದ ಕಂಪ್ಯೂಟರುಗಳೆಲ್ಲ ಕೈಚೆಲ್ಲುತ್ತವೆ. ಅದಕ್ಕೇ 256 ಬಿಟ್‌ನ ಈ ಕೀ 3072 ಬಿಟ್‌ನ ಆರ್‌ಎಸ್‌ಎ ಕೀಗೆ ಸರಿಸಮ.

ಈಗ ಮೊದಲ ಪಾಠ. ಅಳತೆಯನ್ನು ನೀನೇ ಮಾಡಲು ಹೋಗಬೇಡ. ಓಪನ್‌ಎಸ್‌ಎಸ್‌ಎಲ್ ಕೂಡ ಹೊಸ ಕರ್ವ್ ಹುಟ್ಟಿಸುವುದಿಲ್ಲ. ತನಗೆ ಗೊತ್ತಿರುವ ಹೆಸರಿನ ಕರ್ವ್‌ಗಳಿಂದಷ್ಟೇ ಪ್ಯಾರಾಮೀಟರ್ ಕೊಡಬಲ್ಲೆ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಆ ವಿನಯ ನಮಗೂ ಇರಲಿ.

ಆ ಹೆಸರುಗಳನ್ನು ನೋಡಬೇಕಾದರೆ ಇಸಿಪ್ಯಾರಮ್ ಮುಂದೆ ಹೈಫನ್ ಹಾಕಿ 'ಲಿಸ್ಟ್_ಕರ್ವ್ಸ್' ಎಂದು ಕೇಳು. ಉದ್ದನೆಯ ಪಟ್ಟಿ ಉರುಳುತ್ತದೆ. ಹೊಸಬರು ಇಲ್ಲಿ ಒಂದು ತಪ್ಪು ಮಾಡುತ್ತಾರೆ: ಪಟ್ಟಿಯಲ್ಲಿ ಇದೆ ಅಂದಮೇಲೆ ಬಳಸಬಹುದು ಅಂದುಕೊಳ್ಳುತ್ತಾರೆ. ಹಳೆಯ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ತಕ್ಕಡಿಯೂ ಇರುತ್ತದೆ, ಅದರಲ್ಲಿ ಯಾರೂ ಬಂಗಾರ ತೂಗುವುದಿಲ್ಲ. ಪಟ್ಟಿಯ ಆರಂಭದಲ್ಲೇ ಕಾಣುವ ಎಸ್‌ಇಸಿಪಿ112ಆರ್1 ನೋಡು. ಸ್ವಿಟ್ಜರ್ಲೆಂಡಿನ ಲೊಸಾನ್‌ನ ಇಪಿಎಫ್‌ಎಲ್ ಸಂಸ್ಥೆಯ ಸಂಶೋಧಕರು 200ಕ್ಕೂ ಹೆಚ್ಚು ಪ್ಲೇಸ್ಟೇಷನ್ 3 ಆಟದ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ, 2009ರಲ್ಲಿ ಆ ಕರ್ವ್‌ನ ಮೇಲಿನ ಒಗಟನ್ನು ಬಿಡಿಸಿಬಿಟ್ಟರು. ಮಕ್ಕಳ ಆಟಿಕೆ ಮುರಿದ ಅಳತೆ ಇವತ್ತಿಗೂ ಅನೇಕ ಕಂಪ್ಯೂಟರುಗಳ ಆ ಪಟ್ಟಿಯಲ್ಲಿ ಕೂತಿದೆ. ಕೊನೆಯ ಕಡೆಗೆ ಓಕ್ಲಿ ಎಂಬ ಹೆಸರಿನ ಎರಡು ಕರ್ವ್‌ಗಳಿವೆ. ಸಹಿಗೆ ಇವು ತಕ್ಕವಲ್ಲ, ಇವುಗಳ ಬುನಾದಿಯೇ ಅನುಮಾನದ್ದು ಎಂದು ಆ ಪಟ್ಟಿಯೇ ಪಕ್ಕದಲ್ಲಿ ಬರೆದುಕೊಂಡಿದೆ. ಓದುವ ತಾಳ್ಮೆ ಇದ್ದವರಿಗೆ ಯಂತ್ರವೂ ಬುದ್ಧಿ ಹೇಳುತ್ತದೆ.

ಪಟ್ಟಿ ಎಲ್ಲೆಡೆ ಒಂದೇ ಉದ್ದ ಇರುವುದಿಲ್ಲ ಎಂಬುದೂ ನೆನಪಿರಲಿ. ಪೇಟೆಂಟ್ ಭಯದಿಂದ ಫೆಡೋರಾ ಲಿನಕ್ಸ್ 2013ರವರೆಗೆ ಎಲಿಪ್ಟಿಕ್ ಕರ್ವ್ ಭಾಗವನ್ನೇ ಕತ್ತರಿಸಿ ಕೊಡುತ್ತಿತ್ತು. ಆಮೇಲೂ ಆಯ್ದ ಕೆಲವನ್ನಷ್ಟೇ ಸೇರಿಸಿತು. ನಿನ್ನ ಲ್ಯಾಪ್‌ಟಾಪಿನಲ್ಲಿ ಇರುವ ಕರ್ವ್ ಗಿರಾಕಿಯ ಸರ್ವರ್‌ನಲ್ಲಿ ಇಲ್ಲದಿರಬಹುದು. ಮೊದಲೇ ಎರಡೂ ಕಡೆ ಕೇಳಿಕೊಂಡರೆ ನಡುರಾತ್ರಿ ಎದ್ದು ಕೂರುವುದು ತಪ್ಪುತ್ತದೆ.

ಹಾಗಾದರೆ ಯಾವುದನ್ನು ಆರಿಸಲಿ ಅಂತೀಯ. ವೆಬ್ ಸರ್ವರ್‌ಗೆ ಪಿ-256, ಗಿರಾಕಿ ಇನ್ನೂ ಗಟ್ಟಿ ಬೇಕೆಂದರೆ ಪಿ-384. ಇದಕ್ಕಿಂತ ಜಾಣತನ ಬೇಡ. ಎಸ್‌ಇಸಿಪಿ256ಕೆ1 ಎಂಬುದೊಂದು ಕಾಣುತ್ತದೆ, ಅದು ಬಿಟ್‌ಕಾಯಿನ್ ಬಳಸುವ ಕರ್ವ್. ಅದರ ಸಮೀಕರಣ ಅಂಗೈಯಲ್ಲಿ ಬರೆಯುವಷ್ಟು ಚಿಕ್ಕದು: ವೈ ವರ್ಗ ಸಮ ಎಕ್ಸ್ ಘನ ಕೂಡಿಸು 7. ಚೆಂದವಿದೆ ಎಂದು ವೆಬ್ ಸರ್ವರ್‌ಗೆ ಹಾಕಿದರೆ ಬ್ರೌಸರುಗಳು ಬಾಗಿಲು ತೆಗೆಯುವುದಿಲ್ಲ. ಪಿ-256ರ ಇನ್ನೊಂದು ಹೆಸರು ಎಸ್‌ಇಸಿಪಿ256ಆರ್1. ಒಂದು ಅಕ್ಷರದ ವ್ಯತ್ಯಾಸ, ಕೆ ಮತ್ತು ಆರ್. ಅವಸರದ ಬೆರಳಿಗೆ ಅದು ಕಾಣುವುದಿಲ್ಲ.

ಹೆಸರುಗಳ ವಿಷಯದಲ್ಲಿ ಇನ್ನೊಂದು ಗೊಂದಲ ನಿನಗೆ ಖಂಡಿತ ಎದುರಾಗುತ್ತದೆ. ಎಸ್‌ಇಸಿಪಿ256ಆರ್1 ಬೇಕು ಎಂದು ಕೇಳಿದರೆ, ಅದರ ಬದಲು ಪ್ರೈಮ್256ವಿ1 ಎಂಬ ಹೆಸರು ಬಳಸುತ್ತಿದ್ದೇನೆ ಎಂದು ಕಮ್ಯಾಂಡು ತಿರುಗಿ ಹೇಳುತ್ತದೆ. ಗಾಬರಿಯಾಗಬೇಡ. ಒಬ್ಬನೇ ಹುಡುಗನನ್ನು ಮನೆಯಲ್ಲಿ ಪುಟ್ಟ, ಶಾಲೆಯಲ್ಲಿ ಪುಟ್ಟಸ್ವಾಮಿ, ಆಧಾರ್ ಕಾರ್ಡಿನಲ್ಲಿ ಇನ್ನೇನೋ ಎಂದು ಕರೆದ ಹಾಗೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಇಟ್ಟ ಹೆಸರು ಪಿ-256, ಎಸ್‌ಇಸಿಜಿ ಕೂಟದ್ದು ಎಸ್‌ಇಸಿಪಿ256ಆರ್1, ಬ್ಯಾಂಕುಗಳಿಗಾಗಿ ಮಾಡಿದ ಎಕ್ಸ್9.62 ಮಾನಕದ್ದು ಪ್ರೈಮ್256ವಿ1. ಮೂರೂ ಒಂದೇ ಸೇರು. ಆದರೆ ಇಡಿ25519 ಎಂಬ ಹೆಸರನ್ನು ಇಸಿಪ್ಯಾರಮ್‌ಗೆ ಕೊಟ್ಟರೆ ಅದು ಗುರುತೇ ಹಿಡಿಯುವುದಿಲ್ಲ. ಡೇನಿಯಲ್ ಬರ್ನ್‌ಸ್ಟೈನ್ ಕಟ್ಟಿದ ಆ ಬಳಗದ ಕೀ ಬೇಕಾದರೆ ಜೆನ್‌ಪಿಕೀ ಎಂಬ ಬೇರೆ ಉಪಕಮ್ಯಾಂಡಿಗೆ ಹೋಗಬೇಕು.

ಕೀ ಮಾಡುವಾಗ ಮೂರು ಎಚ್ಚರ. 'ನೇಮ್' ಎಂದು ಕರ್ವ್‌ನ ಹೆಸರು, ಜೊತೆಗೆ 'ಜೆನ್‌ಕೀ' ಕೊಟ್ಟರೆ ಫೈಲಿನಲ್ಲಿ ಎರಡು ತುಂಡು ಬರುತ್ತವೆ: ಮೇಲೆ ಪ್ಯಾರಾಮೀಟರ್, ಕೆಳಗೆ ಕೀ. ಕೆಲವು ಪ್ರೋಗ್ರಾಂಗಳು ಮೊದಲ ತುಂಡನ್ನು ನೋಡಿಯೇ ಇದು ಕೀ ಅಲ್ಲ ಎಂದು ಮುಖ ತಿರುಗಿಸುತ್ತವೆ. 'ನೋಔಟ್' ಸೇರಿಸು, ಕೀ ಒಂದೇ ಉಳಿಯುತ್ತದೆ. ಎರಡನೆಯದು, ಹೀಗೆ ಹುಟ್ಟಿದ ಕೀಗೆ ಬೀಗವಿಲ್ಲ. ಪಾಸ್‌ವರ್ಡ್ ಹಾಕುವ ಸೌಕರ್ಯ ಇಸಿಪ್ಯಾರಮ್‌ನಲ್ಲಿ ಇಲ್ಲವೇ ಇಲ್ಲ. ಆಮೇಲೆ ಬೇರೆ ಕಮ್ಯಾಂಡಿನಿಂದ ಹಾಕಬೇಕು, ಇಲ್ಲವೇ ಮೊದಲಿಗೇ ಜೆನ್‌ಪಿಕೀ ಬಳಸಬೇಕು. ಬಾಣದ ಗುರುತು ಹಾಕಿ ಫೈಲಿಗೆ ಹರಿಸಿದರೆ ಆ ಫೈಲನ್ನು ಯಾರು ಯಾರು ಓದಬಹುದು ಎಂಬುದು ನಿನ್ನ ಶೆಲ್‌ನ ಅಭ್ಯಾಸಕ್ಕೆ ಬಿಟ್ಟದ್ದು. ಅನುಮತಿ 600 ಇದೆಯೇ ನೋಡು. ಮೂರನೆಯದು, ಪ್ಯಾರಾಮೀಟರ್ ಫೈಲಿಗೆ 'ಟೆಕ್ಸ್ಟ್' ಎಂದು ಕೇಳಿದರೆ ಏನೂ ನಷ್ಟವಿಲ್ಲ. ಕೀ ಫೈಲಿಗೆ ಇಸಿ ಎಂಬ ಇನ್ನೊಂದು ಉಪಕಮ್ಯಾಂಡಿನಲ್ಲಿ ಅದೇ 'ಟೆಕ್ಸ್ಟ್' ಕೇಳಿದರೆ ನಿನ್ನ ಗುಟ್ಟು ಪರದೆಯ ಮೇಲೆ ಬೆತ್ತಲೆ. ಪಕ್ಕದ ಮೇಜಿನವನು ಇಣುಕುವುದಿರಲಿ, ನೀನು ಪರದೆ ಹಂಚಿಕೊಂಡು ಮೀಟಿಂಗ್‌ನಲ್ಲಿ ಇದ್ದರೆ?

ಇಷ್ಟು ಹೊತ್ತು ಪೀಠಿಕೆ. ಸೇರಿನ ತಳಕ್ಕೆ ಈಗ ಬರುತ್ತೇನೆ.

ಪ್ಯಾರಾಮೀಟರ್‌ಗಳನ್ನು ಫೈಲಿನಲ್ಲಿ ಬರೆಯಲು ಎರಡು ಬಗೆ. ಒಂದು ಹೆಸರು ಮಾತ್ರ ಬರೆಯುವುದು. ಪಿ-256ಕ್ಕೆ ಅದು ಹತ್ತೇ ಬೈಟ್, ಒಂದು ಸಣ್ಣ ಗುರುತು ಸಂಖ್ಯೆ. ಓದುವವರು ತಮ್ಮ ಬಳಿ ಇರುವ ಅಳತೆಯನ್ನೇ ತೆಗೆದುಕೊಳ್ಳುತ್ತಾರೆ. ಇನ್ನೊಂದು 'ಪ್ಯಾರಮ್_ಎನ್ಕ್' ಎಂಬ ಆಯ್ಕೆಗೆ 'ಎಕ್ಸ್‌ಪ್ಲಿಸಿಟ್' ಎಂದು ಕೊಟ್ಟು ಎಲ್ಲ ಸಂಖ್ಯೆಗಳನ್ನೂ ಬಿಡಿಬಿಡಿಯಾಗಿ ಬರೆಯುವುದು. ಅಂದರೆ ಅಳತೆಯ ಪಾತ್ರೆಯನ್ನೇ ಜೊತೆಗೆ ಕಟ್ಟಿ ಕಳಿಸುವುದು.

ವಿವರ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಹುಮ್ಮಸ್ಸಿನಲ್ಲಿ ನಾನು ಒಮ್ಮೆ ಎರಡನೆಯದನ್ನು ಮಾಡಿದೆ. ಆಗ ಇದ್ದ ಕಚೇರಿಯಲ್ಲಿ ಒಳಬಳಕೆಯ ಸರ್ಟಿಫಿಕೇಟ್‌ಗಳ ಕೆಲಸ. ನನ್ನ ಕಡೆ ಎಲ್ಲ ಸರಿ. ಆಚೆ ಬದಿಯ ಪ್ರೋಗ್ರಾಂ ಮಾತ್ರ ಹೆಸರುಳ್ಳ ಕರ್ವ್ ಬಿಟ್ಟು ಬೇರೆ ಒಪ್ಪಲೊಲ್ಲದು. ಎರಡು ದಿನ ಫೈರ್‌ವಾಲ್ ಬೈದೆ, ನೆಟ್‌ವರ್ಕ್‌ನವರನ್ನು ಬೈದೆ. ಮೂರನೇ ದಿನ ಫೈಲನ್ನು ಬಿಚ್ಚಿ ಓದಿದಾಗ ತಪ್ಪು ನನ್ನದೇ ಎಂದು ತಿಳಿಯಿತು. ಕೀ ಹೊಸದು ಮಾಡಿ, ಸರ್ಟಿಫಿಕೇಟ್ ಹೊಸದು ತರಿಸಿ, ನೆಟ್‌ವರ್ಕ್‌ನವರಿಗೆ ಕಾಫಿ ಕುಡಿಸಿದೆ. ಆ ಪ್ರೋಗ್ರಾಂ ಬರೆದವರು ಹಟಮಾರಿಗಳು ಎಂದು ಅಂದು ಗೊಣಗಿದ್ದೆ. ಇಂಟರ್ನೆಟ್ ಸರ್ಟಿಫಿಕೇಟ್‌ಗಳಲ್ಲಿ ಹೆಸರು ಮಾತ್ರ ಇರಬೇಕು, ಬಿಡಿ ಸಂಖ್ಯೆಗಳು ಇರಕೂಡದು ಎಂದು 2009ರ ಆರ್‌ಎಫ್‌ಸಿ 5480 ಸ್ಪಷ್ಟವಾಗಿ ಹೇಳಿದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಆ ಹಟದ ಬೆಲೆ ಲೋಕಕ್ಕೆ ತಿಳಿದದ್ದು 2020ರ ಜನವರಿ 14ರಂದು. ವಿಂಡೋಸ್ 10ರಲ್ಲಿದ್ದ ಒಂದು ದೋಷವನ್ನು ಅಮೆರಿಕದ ಗೂಢಚಾರ ಸಂಸ್ಥೆಯಾದ ಎನ್‌ಎಸ್‌ಎ ಪತ್ತೆ ಹಚ್ಚಿ ಮೈಕ್ರೋಸಾಫ್ಟ್‌ಗೆ ತಿಳಿಸಿತ್ತು. ಅಂದು ತೇಪೆ ಬಂತು. ಜನ ಅದಕ್ಕೆ ಇಟ್ಟ ಹೆಸರು ಕರ್ವ್‌ಬಾಲ್. ನಡೆದದ್ದು ಇಷ್ಟು: ಸರ್ಟಿಫಿಕೇಟ್ ತನ್ನ ಪ್ಯಾರಾಮೀಟರ್‌ಗಳನ್ನು ತಾನೇ ಹೊತ್ತು ಬಂದರೆ ವಿಂಡೋಸ್ ಅದರ ಪಬ್ಲಿಕ್ ಕೀ ನಂಬಿಕಸ್ಥರದ್ದೇ ಹೌದೇ ಎಂದು ನೋಡುತ್ತಿತ್ತು, ಆಧಾರಬಿಂದು ಅಸಲಿಯೇ ಎಂದು ನೋಡುತ್ತಿರಲಿಲ್ಲ. ಕಳ್ಳನಿಗೆ ಅಷ್ಟು ಸಾಕು. ನಂಬಿಕಸ್ಥರ ಪಬ್ಲಿಕ್ ಕೀ ಎಂಬ ಬಿಂದುವನ್ನೇ ತೆಗೆದು ಆಧಾರಬಿಂದುವಿನ ಜಾಗದಲ್ಲಿ ಇಟ್ಟರಾಯಿತು. ಆಧಾರಬಿಂದುವನ್ನು ಎಷ್ಟು ಸಲ ಎಣಿಸಿದರೆ ಪಬ್ಲಿಕ್ ಕೀ ಬರುತ್ತದೆ? ಒಂದು ಸಲ. ಗುಟ್ಟಿನ ಸಂಖ್ಯೆ 1! ಯಾವ ಮಹಾಕಂಪ್ಯೂಟರೂ ಬೇಕಾಗಲಿಲ್ಲ. ಗಣಿತ ಎಲ್ಲೂ ತಪ್ಪಲಿಲ್ಲ. ಸೇರಿನ ತಳ ಎತ್ತಿಟ್ಟಿದ್ದರು, ಅಳೆದುಕೊಂಡವರು ಬೆರಳಾಡಿಸಲಿಲ್ಲ.

ಈಗ ಇಸಿಪ್ಯಾರಮ್‌ನ ಎರಡು ಆಯ್ಕೆಗಳನ್ನು ಕಣ್ಣಿಟ್ಟು ನೋಡು. ಒಂದು 'ಚೆಕ್'. ಕೊಟ್ಟ ಸಂಖ್ಯೆಗಳು ನಿಜವಾಗಿ ಒಂದು ಕರ್ವ್ ಆಗುತ್ತವೆಯೇ, ಆಧಾರಬಿಂದು ಅದರ ಮೇಲಿದೆಯೇ, ಹೇಳಿದಷ್ಟು ಸಲಕ್ಕೆ ಸೊನ್ನೆಗೆ ಬರುತ್ತದೆಯೇ ಎಂದು ಅದು ನೋಡುತ್ತದೆ. ಕರ್ವ್‌ಬಾಲ್‌ನ ಕಳ್ಳ ಪ್ಯಾರಾಮೀಟರ್‌ಗಳನ್ನು ಇದಕ್ಕೆ ಕೊಟ್ಟರೆ ಎಲ್ಲ ಸರಿ ಎಂದೇ ಹೇಳುತ್ತದೆ. ಹೇಳಬೇಕಾದದ್ದೂ ಅದೇ. ಕಳ್ಳನ ಬಿಂದುವೂ ಅದೇ ರೇಖೆಯ ಮೇಲಿದೆ, ಅದೇ ಎಣಿಕೆಗೆ ಮುಗಿಯುತ್ತದೆ. ಸೋರದ ಪಾತ್ರೆ, ನಿಜ. ಇನ್ನೊಂದು, ಓಪನ್‌ಎಸ್‌ಎಸ್‌ಎಲ್‌ನ 3.0 ಆವೃತ್ತಿಯಲ್ಲಿ ಬಂದ 'ಚೆಕ್_ನೇಮ್ಡ್'. ಈ ಸಂಖ್ಯೆಗಳು ನಮಗೆ ಗೊತ್ತಿರುವ ಯಾವುದಾದರೂ ಹೆಸರಿನ ಕರ್ವ್‌ಗೆ ಪೂರ್ತಿ ಹೊಂದುತ್ತವೆಯೇ ಎಂದು ಅದು ಕೇಳುತ್ತದೆ. ಕಳ್ಳ ಸೇರು ಸಿಕ್ಕಿಬೀಳುವುದು ಅಲ್ಲಿ. ಹೊರಗಿನಿಂದ ಬಂದ ಪ್ಯಾರಾಮೀಟರ್ ಫೈಲಿಗೆ ಎರಡನ್ನೂ ಕೇಳು. ಎರಡನೆಯದು ಇಲ್ಲ ಅಂದರೆ ಮೊದಲನೆಯದರ ಹೌದಿಗೆ ಬೆಲೆಯಿಲ್ಲ.

ತೊಂದರೆ ಮೋಸಕ್ಕಷ್ಟೇ ನಿಲ್ಲುವುದಿಲ್ಲ. ಕೆಟ್ಟ ಸಂಖ್ಯೆಗಳನ್ನು ತುಂಬಿದ ಸರ್ಟಿಫಿಕೇಟ್ ಒಂದನ್ನು ಓದಲು ಹೋದರೆ ಓಪನ್‌ಎಸ್‌ಎಸ್‌ಎಲ್ ವರ್ಗಮೂಲ ಹುಡುಕುತ್ತ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. 2022ರ ಮಾರ್ಚ್ 15ರಂದು ಅದನ್ನು ಸರಿಪಡಿಸಿದರು. ಅದಕ್ಕೂ ಮೊದಲಿನ ಇನ್ನೊಂದು ಕಥೆ ನನಗೆ ಬಹಳ ಇಷ್ಟ. ಬಿಡಿ ಸಂಖ್ಯೆಗಳ ಕರ್ವ್ ಹೊತ್ತ ಸರ್ಟಿಫಿಕೇಟನ್ನು ಕಟ್ಟುನಿಟ್ಟಿನ ತಪಾಸಣೆಯಲ್ಲಿ ತಳ್ಳಿಹಾಕೋಣ ಎಂದು 1.1.1ಎಚ್ ಆವೃತ್ತಿಯಲ್ಲಿ ಹೊಸ ಪರೀಕ್ಷೆ ಸೇರಿಸಿದರು. ಆ ಪರೀಕ್ಷೆಯ ಉತ್ತರ, ಅದಕ್ಕೂ ಮುಂಚಿನ ಇನ್ನೊಂದು ಮುಖ್ಯ ಪರೀಕ್ಷೆಯ ಉತ್ತರವನ್ನೇ ಅಳಿಸಿ ಕೂತುಬಿಟ್ಟಿತು! ಸಹಿ ಹಾಕುವ ಅಧಿಕಾರವೇ ಇಲ್ಲದವನ ಸಹಿಯೂ ನಡೆಯುವಂತಾಯಿತು. 2021ರ ಮಾರ್ಚ್ 25ರಂದು ತಿದ್ದಿದರು. ಬಾಗಿಲಿಗೆ ಹೊಸ ಅಗುಳಿ ಹಾಕಲು ಹೋಗಿ ಹಳೆಯ ಚಿಲಕ ಕಿತ್ತ ಹಾಗೆ. ದೊಡ್ಡವರಿಗೇ ಹೀಗಾಗುತ್ತದೆ. ಅದಕ್ಕೆ ನಿನ್ನ ಆವೃತ್ತಿ ಯಾವುದು ಎಂದು ತಿಳಿದಿರಲಿ, ಹಳತಾಗಲು ಬಿಡಬೇಡ.

ಅಳತೆ ಸರಿಯಿದ್ದ ಮಾತ್ರಕ್ಕೆ ಕೈ ಸರಿಯಿರುತ್ತದೆ ಎಂದೂ ಅಲ್ಲ. ಮೇಲೆ ಹೇಳಿದ ಪ್ಲೇಸ್ಟೇಷನ್ 3 ನೆನಪಿದೆಯಲ್ಲ? 2009ರಲ್ಲಿ ಒಂದು ಪುಟ್ಟ ಕರ್ವ್ ಮುರಿದ ಅದೇ ಪೆಟ್ಟಿಗೆ, 2010ರ ಡಿಸೆಂಬರಿನಲ್ಲಿ ತಾನೇ ಸಿಕ್ಕಿಬಿತ್ತು. ಬರ್ಲಿನ್ನಿನ ಕೇಯಾಸ್ ಎಂಬ ಹ್ಯಾಕರುಗಳ ಸಮಾವೇಶದಲ್ಲಿ ಫೇಲ್‌ಓವರ್‌ಫ್ಲೋ ಎಂಬ ತಂಡ ತೋರಿಸಿಕೊಟ್ಟಿತು: ಪ್ರತಿ ಸಹಿಗೂ ಹೊಸದಾಗಿ ಆರಿಸಬೇಕಾದ ಸಂಖ್ಯೆಯ ಜಾಗದಲ್ಲಿ, ಆ ಪೆಟ್ಟಿಗೆ ತಯಾರಿಸಿದ ಸೋನಿ ಪ್ರತಿ ಸಲವೂ ಒಂದೇ ಸಂಖ್ಯೆಯನ್ನು ಬಳಸಿತ್ತು. ಎರಡು ಸಹಿಗಳನ್ನು ಪಕ್ಕಪಕ್ಕ ಇಟ್ಟರೆ ಹೈಸ್ಕೂಲಿನ ಬೀಜಗಣಿತದಲ್ಲೇ ಗುಟ್ಟಿನ ಕೀ ಹೊರಬೀಳುತ್ತದೆ. ಕರ್ವ್ ಯಾರೂ ಮುರಿಯಲಿಲ್ಲ. ಪ್ಯಾರಾಮೀಟರ್ ನೋಡಿ ನೆಮ್ಮದಿಯಾಗಿ ಮಲಗುವವರಿಗೆ ಈ ಕಥೆ.

ಇಷ್ಟು ಓದಿ ನೀನು ಕೇಳಬಹುದು: ಹೆಸರುಳ್ಳ ಕರ್ವ್‌ನ ತಳವನ್ನು ಯಾರು ಮುಟ್ಟಿ ನೋಡಿದ್ದಾರೆ? ಒಳ್ಳೆಯ ಪ್ರಶ್ನೆ. ಪಿ-256ರ ಗುಣಾಂಕ ಹುಟ್ಟಿದ್ದು ಸೀಡ್ ಎಂಬ ಒಂದು ಬೀಜಸಂಖ್ಯೆಯಿಂದ. ಬಿಡಿ ಸಂಖ್ಯೆಗಳ ಬಗೆಯಲ್ಲಿ ಬರೆಸಿ 'ಟೆಕ್ಸ್ಟ್' ಕೇಳಿದರೆ ಅದೂ ಕಾಣುತ್ತದೆ, 'ನೋ_ಸೀಡ್' ಎಂದರೆ ಮರೆಯಾಗುತ್ತದೆ. ಆ ಬೀಜ ಎನ್‌ಎಸ್‌ಎಯಿಂದ ಬಂತು, ಅದನ್ನು ಹೇಗೆ ಆರಿಸಿದರು ಎಂಬ ವಿವರಣೆ ಎಲ್ಲೂ ಪ್ರಕಟವಾಗಿಲ್ಲ. ಯಾವುದೋ ಇಂಗ್ಲಿಷ್ ವಾಕ್ಯವನ್ನು ಅರೆದು ಮಾಡಿದ್ದಿರಬೇಕು ಎಂಬ ಊಹೆಯ ಮೇಲೆ, ಆ ವಾಕ್ಯ ಹುಡುಕಿಕೊಟ್ಟವರಿಗೆ 12,288 ಡಾಲರ್ ಬಹುಮಾನವನ್ನು ಗೂಢಲಿಪಿ ತಜ್ಞ ಫಿಲಿಪ್ಪೊ ವಾಲ್ಸೋರ್ದಾ 2023ರಲ್ಲಿ ಸಾರಿದರು. ಆ ಕರ್ವ್‌ನಲ್ಲಿ ಲೋಪವಿದೆ ಎಂದು ಯಾರೂ ತೋರಿಸಿಲ್ಲ. ಆದರೂ ಇಷ್ಟು ವರ್ಷಗಳ ಮೇಲೂ ಜನ ಬೆರಳಾಡಿಸುತ್ತಲೇ ಇದ್ದಾರೆ, ನೋಡು. ಬರ್ನ್‌ಸ್ಟೈನ್ ಕರ್ವ್ ಮೆಚ್ಚುಗೆಯಾಗಲು ಅದೂ ಒಂದು ಕಾರಣ. ಅಲ್ಲಿ 2ರ 255ನೇ ಘಾತದಿಂದ 19 ಕಳೆದರೆ ಅವಿಭಾಜ್ಯ ಸಂಖ್ಯೆ ಸಿಗುತ್ತದೆ. ಯಾಕೆ ಈ ಸಂಖ್ಯೆ ಎಂಬುದಕ್ಕೆ ಬಯಲಲ್ಲಿ ಹೇಳುವ ಕಾರಣಗಳಿವೆ.

ಕೊನೆಯದಾಗಿ, ಒಂದು ನೋಟ್‌ಬುಕ್ ಇಡು. ಯಾವ ಸರ್ವರ್‌ನಲ್ಲಿ ಯಾವ ಕರ್ವ್, ಹೆಸರಿನ ಬಗೆಯೋ ಬಿಡಿ ಸಂಖ್ಯೆಗಳ ಬಗೆಯೋ, ಯಾವಾಗ ಮಾಡಿದ್ದು, ಎಷ್ಟೇ ಸಣ್ಣದಾದರೂ ಬರೆ. ಸೇರು ಹೋಗಿ ಕಿಲೋ ಬಂದ ಹಾಗೆ ಈ ಅಳತೆಗಳೂ ಹೋಗುತ್ತವೆ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದ ದಿನ ಪಿ-256, 25519 ಎಲ್ಲವೂ ಒಟ್ಟಿಗೆ ಬೀಳುತ್ತವೆ. ಅದಕ್ಕೆ ಅಣಿಯಾಗಲು ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಹೊಸ ಮಾನಕಗಳನ್ನು ಹೊರಡಿಸಿತು, ಓಪನ್‌ಎಸ್‌ಎಸ್‌ಎಲ್ 3.5 ಅವನ್ನು 2025ರ ಏಪ್ರಿಲ್‌ನಲ್ಲಿ ಒಳಗೆ ತಂದುಕೊಂಡಿತು. ಬದಲಿಸುವ ದಿನ ಬಂದಾಗ ಏನೇನು ಎಲ್ಲೆಲ್ಲಿದೆ ಎಂದು ಗೊತ್ತಿದ್ದವರು ಒಂದು ವಾರದಲ್ಲಿ ಮುಗಿಸುತ್ತಾರೆ, ಉಳಿದವರು ಒಂದು ವರ್ಷ ಹುಡುಕುತ್ತಾರೆ.

ಅಜ್ಜಿಯ ಮಾತು ಪೂರ್ತಿ ಮಾಡಲಿಲ್ಲ. ಅವಳಿಗೆ ರಾಗಿ ಮಾರುತ್ತಿದ್ದವರಲ್ಲಿ ಇಪ್ಪತ್ತು ವರ್ಷದ ಪರಿಚಯದವನೊಬ್ಬ ಇದ್ದ. ಮದುವೆ ಮುಂಜಿಗೆ ಬಂದು ಉಂಡು ಹೋಗುವಷ್ಟು ಹತ್ತಿರ. ಅವನ ಸೇರಿನೊಳಗೂ ಅವಳು ಪ್ರತಿ ಸಂತೆಯಲ್ಲೂ ಬೆರಳಾಡಿಸುತ್ತಿದ್ದಳು. ಒಮ್ಮೆ ಅವನು ನೊಂದುಕೊಂಡು, "ನನ್ನ ಮೇಲೂ ಅನುಮಾನವೇನಮ್ಮಾ?" ಅಂದ.

"ನಿನ್ನ ಮೇಲೆ ಯಾಕಪ್ಪಾ? ಸೇರು ನೀನಲ್ಲವಲ್ಲ," ಅಂದಳು ಅಜ್ಜಿ, ಬೆರಳು ಇನ್ನೂ ಒಳಗೇ ಇತ್ತು.

ಇಂತಿ,
ನಿನ್ನ ದೊಡ್ಡಪ್ಪ